ಮನೆ ಯಾರದ್ದೆಂದು ಬ್ಯಾಂಕು ಕೇಳಿತು

ಮಂಗಳೂರಿನ ಉರ್ವ ಮಾರ್ಕೆಟಿನ ಹತ್ತಿರ ರಿಕ್ಷಾ ಹತ್ತಿ ‘ಮಹಾಬಲಣ್ಣನ ಮನೆ’ ಎಂದರೆ ಸಾಕು, ರಿಕ್ಷಾದವರು ಮರುಮಾತಿಲ್ಲದೆ ತಂದು ಆ ಹಂಚಿನ ಮನೆಯ ಗೇಟಿನೆದುರು ಇಳಿಸುತ್ತಿದ್ದರು. ತಮಾಷೆಯೆಂದರೆ ಮಹಾಬಲ ಶೆಟ್ಟಿ ಅಲ್ಲಿ ಇರುವುದೇ ಇಲ್ಲ. ಅವನಿರುವುದು ಬಿಕರ್ನಕಟ್ಟೆಯಲ್ಲಿ, ಹೆಂಡತಿ ಮಕ್ಕಳ ಜೊತೆ, ತಾನೇ ಕಟ್ಟಿಸಿದ ಎರಡಂತಸ್ತಿನ ಮನೆಯಲ್ಲಿ. ಉರ್ವದ ಮನೆಯಲ್ಲಿರುವವಳು ಅವನ ತಂಗಿ ಜಲಜಾಕ್ಷಿ. ಮನೆಯೂ ಅವಳದ್ದೇ. ತಾಯಿಯಿಂದ ಮಗಳಿಗೆ ಆಸ್ತಿ ಇಳಿಯುವ ಬಂಟರ ಹಳೆಯ ಕಟ್ಟಳೆಯಂತೆ ಅಮ್ಮ ಅದನ್ನು ಮಗಳ ಹೆಸರಿಗೆ ಬರೆದಿಟ್ಟೇ ಕಣ್ಣು ಮುಚ್ಚಿದ್ದಳು. ಅದೇನೂ ಗುಟ್ಟಲ್ಲ, ಮಹಾಬಲನೂ ಸೇರಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆದರೆ ಅದೇ ಕಟ್ಟಳೆ ಇನ್ನೊಂದನ್ನೂ ಹೇಳುತ್ತದೆ. ಮನೆ ಹೆಂಗಸಿನದ್ದಾದರೂ ಯಜಮಾನಿಕೆ ಅಣ್ಣನದ್ದು, ಅಣ್ಣನಿಲ್ಲದಿದ್ದರೆ ಸೋದರಮಾವನದ್ದು. ಹೀಗಾಗಿ ಕರೆಂಟಿನ ಅರ್ಜಿಗೆ ಮಹಾಬಲನ ಸಹಿ, ನಳ್ಳಿ ನೀರಿನ ಅರ್ಜಿಗೆ ಮಹಾಬಲನ ಸಹಿ, ಕಾಂಪೌಂಡು ಕಟ್ಟಿದ ಮೇಸ್ತ್ರಿಯ ಜೊತೆ ಜಗಳವೂ ಮಹಾಬಲನದ್ದೇ. ಜಲಜಾಕ್ಷಿ ದಡ್ಡಿಯೇನಲ್ಲ, ಆ ಕಾಲಕ್ಕೇ ಬಿ.ಎ. ಮಾಡಿದವಳು. ಮದುವೆಯಾಗಿ ಮುಂಬಯಿಗೆ ಹೋದಳು, ಅಲ್ಲಿ ಗಂಡ ಸಹಿ ಮಾಡಿದ. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದಳು, ಇಲ್ಲಿ ಅಣ್ಣ ಸಹಿ ಮಾಡಿದ. ಅವಳ ಕೈಗೆ ಪೆನ್ನು ಬರುತ್ತಿದ್ದದ್ದು ಹಾಲಿನವನ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಮಾತ್ರ.

ಇಂಥ ಮನೆಗೆ ಎಫುವಾ ಕ್ವಾನ್ಸಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಆಫ್ರಿಕಾದ ಘಾನಾ ದೇಶದವಳು. ಸಮುದ್ರದ ದಂಡೆಯ ಊರು, ಅಮ್ಮ ಮೀನು ಹೊಗೆಯಲ್ಲಿ ಒಣಗಿಸಿ ಮಾರುವವಳು. ಮಗಳು ಅದೇ ಮೀನನ್ನು ಕೆಡದಂತೆ ಇಡುವ ವಿದ್ಯೆ ಕಲಿಯಲು ಮಂಗಳೂರಿನ ಕಾಲೇಜೊಂದಕ್ಕೆ ಸ್ಕಾಲರ್‌ಶಿಪ್ಪಿನ ಮೇಲೆ ಬಂದಿದ್ದಳು. ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ. ಕಾಲೇಜಿನ ಮೇಷ್ಟರೊಬ್ಬರು ಮಹಾಬಲನಿಗೆ ಪರಿಚಯ. ಅವರು ಕೇಳಿದ್ದೇ ತಡ, ‘ನಮ್ಮ ಉರ್ವದ ಮನೆಯಲ್ಲಿ ಪಡಸಾಲೆಗೆ ತಾಗಿ ಒಂದು ಕೋಣೆ ಉಂಟು, ಕಳಿಸಿ’ ಎಂದುಬಿಟ್ಟ. ತಂಗಿಗೆ ವಿಷಯ ತಿಳಿದದ್ದು ಹುಡುಗಿ ಪೆಟ್ಟಿಗೆ ಸಮೇತ ಅಂಗಳದಲ್ಲಿ ನಿಂತ ಮೇಲೆ.

ಮೊದಲ ದಿನ ಜಲಜಾಕ್ಷಿಗೆ ಸ್ವಲ್ಪ ಮುಜುಗರವೇ ಆಗಿತ್ತು ಎನ್ನಿ. ಎರಡನೆಯ ದಿನ ಆ ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು, ಬುಟ್ಟಿಯಲ್ಲಿದ್ದ ಬಂಗುಡೆಯ ಕಿವಿರನ್ನು ಬೆರಳಿನಿಂದ ಎತ್ತಿ ನೋಡಿ, ‘ಆಂಟಿ, ಇದು ನಿನ್ನೆಯದು’ ಎಂದಳು. ಜಲಜಾಕ್ಷಿ ಬುಟ್ಟಿ ಹಿಡಿದುಕೊಂಡು ಸೀದಾ ಮಾರ್ಕೆಟಿಗೆ ಹೋಗಿ ಮೀನಿನವಳ ಜೊತೆ ಜಗಳವಾಡಿ ಬದಲಾಯಿಸಿಕೊಂಡು ಬಂದಳು. ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೇ ಮಾರ್ಕೆಟಿಗೆ ಹೋಗತೊಡಗಿದರು. ಮಾತು ಇಂಗ್ಲಿಷು, ಕನ್ನಡ, ಕೈಸನ್ನೆ ಮೂರೂ ಕಲಸಿದ್ದು. ಎಫುವಾ ಒಂದೊಂದಾಗಿ ಕನ್ನಡದ ಮಾತು ಹೆಕ್ಕಿಕೊಂಡಳು, ತುಳುವಿನ ಬೈಗುಳಗಳನ್ನು ಮೀನಿನವರೇ ಪುಕ್ಕಟೆಯಾಗಿ ಕಲಿಸಿದರು. ಜಲಜಾಕ್ಷಿ ಅವಳನ್ನು ‘ಮಗಾ’ ಎಂದು ಕರೆಯಲು ಶುರುಮಾಡಿದ್ದು ಯಾವಾಗ ಎಂದು ಅವಳಿಗೇ ಗೊತ್ತಿಲ್ಲ.

ಅಷ್ಟರಲ್ಲಿ ಬ್ಯಾಂಕಿನ ತಾಪತ್ರಯ ಬಂತು. ಸ್ಕಾಲರ್‌ಶಿಪ್ಪಿನ ಹಣ ಇಲ್ಲಿಯ ಬ್ಯಾಂಕಿನಲ್ಲಿ ಎಫುವಾಳ ಸ್ವಂತ ಹೆಸರಿನ ಖಾತೆಗೇ ಬೀಳಬೇಕು. ತಿಂಗಳ ಕೊನೆಯೊಳಗೆ ಖಾತೆಯ ನಂಬರು ಕೊಡದಿದ್ದರೆ ಸ್ಕಾಲರ್‌ಶಿಪ್ಪು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಎಫುವಾ ಊರಿಗೆ ಹೋಗುತ್ತಾಳೆ. ಕಾಲೇಜಿನವರು ಇದನ್ನು ನಯವಾಗಿಯೇ ಹೇಳಿದ್ದರು, ಆದರೆ ಅರ್ಥ ಇಷ್ಟೇ. ಪಾಸ್‌ಪೋರ್ಟು ಸರಿ, ವೀಸಾ ಸರಿ, ಕಾಲೇಜಿನ ಪತ್ರವೂ ಸರಿ. ಬ್ಯಾಂಕು ಕೇಳಿದ್ದು ಇನ್ನೊಂದೇ: ಪರದೇಶದ ಹುಡುಗಿ ಇಲ್ಲಿ ಎಲ್ಲಿರುತ್ತಾಳೆ ಎಂಬುದಕ್ಕೆ ಆಧಾರ. ಛಾಪಾ ಕಾಗದದ ಮೇಲೆ ಬಾಡಿಗೆ ಕರಾರು, ಜೊತೆಗೆ ಮನೆಯ ತೆರಿಗೆ ರಶೀದಿ.

‘ಅಷ್ಟಕ್ಕೆ ಎಂತ ತಲೆಬಿಸಿ?’ ಎಂದ ಮಹಾಬಲ, ಕರಾರು ತಾನೇ ಟೈಪು ಮಾಡಿಸಿ ತಂದ. ‘ಮನೆಯ ಮಾಲೀಕರು’ ಎಂದಿದ್ದಲ್ಲಿ ತನ್ನ ಹೆಸರು ಬರೆಸಿ, ಕೆಳಗೆ ಉದ್ದಕ್ಕೆ ಗೆರೆಯೆಳೆದು ಸಹಿ ಹಾಕಿದ. ಅದರಲ್ಲಿ ಮೋಸವೇನೂ ಇರಲಿಲ್ಲ. ಸಹಿ ಹಾಕುವಾಗ ತಾನು ಮಾಲೀಕನಲ್ಲ ಎಂಬುದು ಅವನಿಗೆ ನೆನಪೇ ಬರಲಿಲ್ಲ. ಪಕ್ಕದಲ್ಲಿ ಚಹದ ಲೋಟ ಹಿಡಿದು ನಿಂತಿದ್ದ ಜಲಜಾಕ್ಷಿಗೂ ಬರಲಿಲ್ಲ ಎಂದರೆ ನೀವು ನಂಬಬೇಕು.

ನೆನಪಿಸಿದ್ದು ಬ್ಯಾಂಕಿನ ಏವ್ರಿಲ್. ಹೊಸ ಖಾತೆಗಳ ಟೇಬಲಿನಲ್ಲಿ ಕೂರುವ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುವ ಹೆಂಗಸು. ಮಹಾಬಲ ಎಫುವಾಳನ್ನು ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಿ ಕಾಗದವನ್ನು ಏವ್ರಿಲ್ಲಳ ಮುಂದಿಟ್ಟ. ಮಧ್ಯಾಹ್ನ ವಾಪಸು ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

‘ಜಲಜ, ಕೇಳಿದೆಯಾ? ಆ ಏವ್ರಿಲ್ ಬಾಯಿ ನನ್ನ ಹತ್ರ ಕೇಳ್ತಾಳೆ, ಈ ರಶೀದಿಯಲ್ಲಿರುವ ಜಲಜಾಕ್ಷಿ ಯಾರು ಅಂತ. ನನ್ನ ತಂಗಿ ಅಂತ ಹೇಳಿದೆ. ಹಾಗಾದ್ರೆ ಅವರನ್ನು ಕರ್ಕೊಂಡು ಬನ್ನಿ, ಮನೆ ಅವರದ್ದು, ಅವರೇ ಸಹಿ ಹಾಕ್ಬೇಕು ಅಂತಾಳೆ! ನಾನು ಎದುರಿಗೇ ಕೂತಿದ್ದೇನೆ ಮಾರಾಯ್ತಿ!’

‘ಅಷ್ಟೇ ಅಲ್ವಾ ಅಣ್ಣ? ನಾಳೆ ನಾನು ಬರ್ತೇನೆ’ ಎಂದಳು ಜಲಜಾಕ್ಷಿ.

ಮಹಾಬಲ ತಂಗಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

‘ನೀನು ಎಂತಕ್ಕೆ? ನೀನು ಬಂದು ಸಹಿ ಹಾಕಿದ್ರೆ ನಾನು ಹಾಕಿದ್ದು ಸುಳ್ಳು ಸಹಿ ಅಂತ ಆಯ್ತಲ್ಲ? ಆ ಬ್ಯಾಂಕಿನಲ್ಲಿ ಇರುವವರೆಲ್ಲ ನನ್ನ ಗುರ್ತದವರು. ನಾಳೆ ಉರ್ವದಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ನೀನು ಸುಮ್ನಿರು. ನಾನು ಮ್ಯಾನೇಜರ್ ಇಜಾಝ್ ಹತ್ರ ಮಾತಾಡ್ತೇನೆ.’

ಜಲಜಾಕ್ಷಿ ಸುಮ್ಮನಿದ್ದಳು. ಸುಮ್ಮನಿರುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು.

ಮಹಾಬಲ ಇಜಾಝನ ಹತ್ತಿರ ಮಾತಾಡಿದ. ಇಜಾಝ್ ಮರ್ಯಾದೆಯ ಮನುಷ್ಯ, ‘ನೋಡುವ ಮಹಾಬಲಣ್ಣ’ ಎಂದ. ಬ್ಯಾಂಕಿನವರ ‘ನೋಡುವ’ ಎಂಬ ಮಾತಿಗೆ ಏನರ್ಥವೋ ಅದೇ ಆಯಿತು. ನಾಲ್ಕು ದಿನ ಬಿಟ್ಟು ಫೋನು ಮಾಡಿದರೂ ‘ನೋಡುವ’, ಮತ್ತೆ ಹೋದರೂ ‘ನೋಡುವ’. ತಿಂಗಳು ಮುಗಿಯುತ್ತಾ ಬಂತು. ಎಫುವಾ ದಿನಾ ಸಂಜೆ ಕಾಲೇಜಿನಿಂದ ಬಂದು, ಬ್ಯಾಂಕಿನಿಂದ ಏನಾದರೂ ಸುದ್ದಿ ಬಂತೇ ಎಂದು ಬಾಯಿಬಿಟ್ಟು ಕೇಳದೆ ಬರೀ ಜಲಜಾಕ್ಷಿಯ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ಉತ್ತರ ಕೊಡಲಾಗದೆ ಜಲಜಾಕ್ಷಿ ಅವಳಿಗೆ ಇನ್ನೆರಡು ನೀರುದೋಸೆ ಜಾಸ್ತಿ ಬಡಿಸುತ್ತಿದ್ದಳು.

ಬುಧವಾರ ಮಹಾಬಲ ಬಂದು ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟ.

‘ಈ ಗಲಾಟೆಯೇ ಬೇಡ. ಹುಡುಗಿ ಬೇರೆ ಕಡೆ ರೂಮು ನೋಡ್ಲಿ. ಅಲ್ಲಿಯ ಓನರು ಕಾಗದ ಮಾಡಿಕೊಡ್ತಾನೆ.’

‘ಶುಕ್ರವಾರ ಕಡೇ ದಿನ ಅಣ್ಣ. ಒಂದು ದಿನದಲ್ಲಿ ಅವಳಿಗೆ ರೂಮು ಕೊಡುವವರು ಯಾರು?’

‘ಅದಕ್ಕೆ ನಾನು ಎಂತ ಮಾಡ್ಲಿ? ನನ್ನಿಂದ ಆಗುವಷ್ಟು ಮಾಡಿ ಆಯ್ತು.’

ಹಾಗೆಂದು ಅವನು ಚಹ ಮುಗಿಸಿ ಎದ್ದು ಹೋದ. ಅವನು ಕೆಟ್ಟವನಲ್ಲ. ಜಲಜಾಕ್ಷಿಗೆ ಜ್ವರ ಬಂದರೆ ಬಿಕರ್ನಕಟ್ಟೆಯಿಂದ ಗಂಜಿ ತರುವವನು. ಆದರೆ ಮರ್ಯಾದೆಯ ವಿಷಯ ಬಂದರೆ ಈ ಗಂಡಸರಿಗೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಒಂದು ಹುಡುಗಿಯ ಓದು ಮಣ್ಣುಪಾಲಾದರೂ ಚಿಂತೆಯಿಲ್ಲ, ತಾನು ತಪ್ಪಿದೆ ಎಂದು ಮಾತ್ರ ಆಗಬಾರದು.

ಕೋಣೆಯೊಳಗಿಂದ ಎಫುವಾ ಎಲ್ಲ ಕೇಳಿಸಿಕೊಂಡಿದ್ದಳು. ಅಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಸಂಜೆ ಅಡುಗೆಮನೆಗೆ ಬಂದು, ಕೆಳಗೆ ಕೂತು ತೆಂಗಿನಕಾಯಿ ತುರಿಯತೊಡಗಿದಳು. ಆಮೇಲೆ ನಿಧಾನವಾಗಿ ತನ್ನ ಊರಿನ ಮಾತು ತೆಗೆದಳು.

‘ಆಂಟಿ, ನಮ್ಮಲ್ಲಿಯೂ ಹೀಗೆಯೇ ಉಂಟು. ಮನೆತನ ಅಮ್ಮನ ಕಡೆಯದು. ಆದರೆ ಸಭೆಯಲ್ಲಿ ಮಾತಾಡುವುದು ಮಾವ. ನನ್ನ ಮಾವ ದೊಡ್ಡ ಬಟ್ಟೆ ಹೊದ್ದು, ಎಲ್ಲರ ಎದುರು ಗಟ್ಟಿಯಾಗಿ ಮಾತಾಡ್ತಾನೆ.’

‘ನಮ್ಮ ಅಣ್ಣನ ಹಾಗೆ’ ಎಂದಳು ಜಲಜಾಕ್ಷಿ.

‘ಹೌದು. ಆದರೆ ವಿಷಯ ಗಟ್ಟಿಯಾದರೆ, ಯಾರಿಗೂ ಬಿಡಿಸಲು ಆಗದಿದ್ದರೆ, ಮಾವ ಎದ್ದು ನಿಲ್ತಾನೆ. ನಾವು ಹೋಗಿ ಮುದುಕಿಯ ಹತ್ರ ಕೇಳಿ ಬರ್ತೇವೆ ಅಂತ ಹೇಳ್ತಾನೆ. ಎಲ್ಲ ಹಿರಿಯರೂ ಒಳಗೆ ಹೋಗ್ತಾರೆ. ಒಳಗೆ ನನ್ನ ಅಜ್ಜಿ ಕೂತಿರ್ತಾಳೆ. ಅಜ್ಜಿ ಹೇಳಿದ್ದನ್ನು ಮಾವ ಹೊರಗೆ ಬಂದು ಹೇಳ್ತಾನೆ. ಬಾಯಿ ಅವನದ್ದು, ಮಾತು ಅಜ್ಜಿಯದ್ದು.’

ಜಲಜಾಕ್ಷಿಗೆ ಜೋರಾಗಿ ನಗು ಬಂತು. ದೊಡ್ಡ ಬಟ್ಟೆ ಹೊದ್ದ ಮಾವಂದಿರೆಲ್ಲ ಸಾಲಾಗಿ ಅಡುಗೆಮನೆಗೆ ನುಗ್ಗುವುದನ್ನು ನೆನೆಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಎದೆಯೊಳಗೆ ಏನೋ ಚುಚ್ಚಿತು. ಈ ಮನೆಯಲ್ಲಿ ಯಾರೂ ಯಾವತ್ತೂ ಎದ್ದು ಒಳಗೆ ಬಂದು ಅವಳ ಹತ್ತಿರ ಏನನ್ನೂ ಕೇಳಿರಲಿಲ್ಲ. ಅಂಗಳದ ಹಲಸಿನ ಮರ ಕಡಿಸುವಾಗಲೂ ಕೇಳಿರಲಿಲ್ಲ. ಈ ಹುಡುಗಿಯನ್ನು ಕರೆತರುವಾಗಲೂ ಕೇಳಿರಲಿಲ್ಲ, ಈಗ ಕಳಿಸುವಾಗಲೂ ಕೇಳಲಿಲ್ಲ. ಅವಳಿಗೆ ಸಿಟ್ಟು ಬಂತು. ಇಷ್ಟು ವರ್ಷಕ್ಕೆ ಬಂದ ಸಿಟ್ಟು, ಚಿಕ್ಕದೇನೂ ಆಗಿರಲಿಲ್ಲ.

‘ಮಗಾ, ನಾಳೆ ಕಾಲೇಜಿಗೆ ರಜೆ ಹಾಕು’ ಎಂದಳು.

‘ಅಂಕಲ್‌ಗೆ ಬೇಸರ ಆಗ್ತದೆ ಆಂಟಿ. ನನ್ನಿಂದಾಗಿ ಅಣ್ಣ ತಂಗಿ ಜಗಳ ಬೇಡ. ನಾನು ಊರಿಗೆ ಹೋಗ್ತೇನೆ.’

‘ನಿನ್ನಿಂದಾಗಿ ಅಲ್ಲ. ನೀನು ತೆಂಗಿನಕಾಯಿ ಸರಿಯಾಗಿ ತುರಿ, ಕರಟದ ಕಪ್ಪು ಬೀಳ್ತಾ ಉಂಟು.’

ಮರುದಿನ ಬೆಳಿಗ್ಗೆ ಜಲಜಾಕ್ಷಿ ಮದುವೆಗೆ ಹೋಗುವಾಗ ಉಡುವ ಸೀರೆ ಉಟ್ಟಳು. ತೆರಿಗೆ ರಶೀದಿಯನ್ನೂ ತನ್ನ ಆಧಾರ್ ಕಾರ್ಡನ್ನೂ ಬ್ಯಾಗಿನಲ್ಲಿಟ್ಟು, ಎಫುವಾಳ ಜೊತೆ ಸಿಟಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪರಿಚಯದವರೊಬ್ಬರು ‘ಎಲ್ಲಿಗೆ ಜಲಜಕ್ಕ, ಮಹಾಬಲಣ್ಣ ಇಲ್ವಾ?’ ಎಂದು ಕೇಳಿದರು. ‘ಅವನು ಅವನ ಮನೆಯಲ್ಲಿದ್ದಾನೆ’ ಎಂದಳು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಕೇಳಿದವರಿಗೆ ಗೊತ್ತಾಗಲಿಲ್ಲ.

ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಛಾಪಾ ಕಾಗದ ತೆಗೆದದ್ದಾಯಿತು. ಅಂಗಡಿಯವನು ಕೀಲಿಮಣೆಯ ಮೇಲೆ ಬೆರಳಿಟ್ಟು, ‘ಮಾಲೀಕರ ಹೆಸರು?’ ಎಂದ. ‘ಮಹಾ...’ ಎಂದು ಜಲಜಾಕ್ಷಿಯ ಬಾಯಿಯಿಂದಲೇ ಬಂತು! ನಾಲಿಗೆ ಕಚ್ಚಿಕೊಂಡಳು. ಅಣ್ಣನನ್ನು ಬೈದು ಪ್ರಯೋಜನವೇನು, ಈ ರೋಗ ತನಗೂ ಅಂಟಿದೆ ಎಂದು ಅವಳಿಗೆ ಆಗಲೇ ತಿಳಿದದ್ದು. ಗಂಟಲು ಸರಿಮಾಡಿಕೊಂಡು, ‘ಬರೀರಿ, ಜಲಜಾಕ್ಷಿ ಶೆಟ್ಟಿ’ ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಈ ಸಲ ಪಕ್ಕದ ಜೆರಾಕ್ಸ್ ಅಂಗಡಿಯವರೂ ತಿರುಗಿ ನೋಡಿದರು. ಕರಾರಿಗೆ ಸಾಕ್ಷಿಗಳು ಇಬ್ಬರು ಬೇಕು. ಒಂದು ಸಾಕ್ಷಿ ಟೈಪಿಂಗಿನವನೇ ಹಾಕಿದ, ನಿಮ್ಮ ಸಹಿ ಬ್ಯಾಂಕಿನವರ ಎದುರೇ ಹಾಕಿ, ಇನ್ನೊಂದು ಸಾಕ್ಷಿ ಅಲ್ಲೇ ಯಾರಾದರೂ ಸಿಕ್ಕರೆ ಹಾಕಿಸಿ ಎಂದ.

ಬ್ಯಾಂಕಿನಲ್ಲಿ ಜನ ಇದ್ದರು. ಏವ್ರಿಲ್ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದಳು. ರಶೀದಿ ನೋಡಿದಳು, ಆಧಾರ್ ನೋಡಿದಳು, ಕರಾರು ಓದಿದಳು.

‘ನೀವೇ ಅಲ್ವಾ ಜಲಜಾಕ್ಷಿ? ಬರ್ಲಿಕ್ಕೆ ಇಷ್ಟು ದಿನ ಎಂತಕ್ಕೆ ಮಾಡಿದ್ದು?’

‘ದಾರಿ ಗೊತ್ತಿರಲಿಲ್ಲ’ ಎಂದಳು ಜಲಜಾಕ್ಷಿ.

ಏವ್ರಿಲ್ ನಕ್ಕು, ಕಾಗದವನ್ನು ಮ್ಯಾನೇಜರರ ಒಪ್ಪಿಗೆಗೆ ಒಳಗೆ ಕಳಿಸಿದಳು. ಪರದೇಶದವರ ಖಾತೆಗೆ ಅವರೂ ನೋಡಬೇಕು ಎಂಬುದು ಅಲ್ಲಿಯ ಪದ್ಧತಿ. ಸ್ವಲ್ಪ ಹೊತ್ತಿನಲ್ಲಿ ಇಜಾಝ್ ತಾನೇ ಹೊರಗೆ ಬಂದ. ಕುದ್ರೋಳಿಯ ವ್ಯಾಪಾರಿಗಳ ಮನೆಯ ಹುಡುಗ, ಹಿರಿಯರನ್ನು ಕಂಡರೆ ಎದ್ದು ನಿಲ್ಲುವ ಸ್ವಭಾವ.

‘ಕೂತ್ಕೊಳ್ಳಿ ಆಂಟಿ. ಚಹ ತರಿಸ್ತೇನೆ. ಮಹಾಬಲಣ್ಣನಿಗೆ ಗೊತ್ತುಂಟಲ್ವಾ?’

‘ಅವನಿಗೆ ಎಂತ ಗೊತ್ತಿರ್ಬೇಕು?’

‘ಅಲ್ಲ, ಅವರು ನಮ್ಮ ಹಳೇ ಗಿರಾಕಿ. ಒಂದು ಮಾತು ಕೇಳಿ ಮಾಡಿದ್ರೆ ಒಳ್ಳೇದು ಅಂತ. ಆಮೇಲೆ ಬೇಜಾರು ಬೇಡ.’

ಜಲಜಾಕ್ಷಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಜಾಝ್ ಮೊಬೈಲು ಕಿವಿಗಿಟ್ಟು ಒಳಗೆ ಹೋಗಿದ್ದ. ಎಫುವಾ ಮೆಲ್ಲಗೆ ಅವಳ ಕೈ ಹಿಡಿದಳು. ಜಲಜಾಕ್ಷಿಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಎದ್ದು ಮನೆಗೆ ಹೋಗಿಬಿಡೋಣ ಎಂದೂ ಅನಿಸಿತು. ಆದರೆ ಈ ಹುಡುಗಿಯ ಕೈಬಿಟ್ಟು ಎದ್ದರೆ ಆಮೇಲೆ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಲಿಕ್ಕಿಲ್ಲ ಎಂದು ಗಟ್ಟಿಯಾಗಿ ಕೂತಳು.

ಬಿಕರ್ನಕಟ್ಟೆಯಿಂದ ಅಲ್ಲಿಗೆ ಕಾರಿನಲ್ಲಿ ಬರಲು ಅಷ್ಟು ಹೊತ್ತು ಸಾಕೇ ಎಂದು ಯಾರಾದರೂ ಆಶ್ಚರ್ಯಪಡುವಷ್ಟು ಬೇಗ ಮಹಾಬಲ ಬಂದ. ಲುಂಗಿಯಲ್ಲೇ ಬಂದಿದ್ದ. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನು ಸಲಾಂ ಹೊಡೆದದ್ದೂ ಅವನಿಗೆ ಕಾಣಲಿಲ್ಲ.

‘ಜಲಜ, ಏಳು. ಮನೆಗೆ ಹೋಗುವ’ ಎಂದ ತುಳುವಿನಲ್ಲಿ.

‘ಕೂತ್ಕೋ ಅಣ್ಣ.’

‘ಜನ ನೋಡ್ತಾ ಇದ್ದಾರೆ.’

‘ಅದಕ್ಕೇ ಹೇಳುವುದು, ಕೂತ್ಕೋ. ನಿಂತ್ರೆ ಇನ್ನೂ ನೋಡ್ತಾರೆ.’

ಮಹಾಬಲನಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಕೊನೆಗೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

‘ಅಮ್ಮ ಮನೆ ಯಾರ ಹೆಸರಿಗೆ ಬರೆದದ್ದು?’ ಎಂದು ಕೇಳಿದಳು ಜಲಜಾಕ್ಷಿ.

‘ನಿನ್ನ ಹೆಸರಿಗೆ. ನಾನು ಇಲ್ಲ ಅಂದೆನಾ? ಆದ್ರೆ ಅದನ್ನು ನೋಡಿಕೊಂಡು ಬಂದದ್ದು ಯಾರು? ಗಾಳಿಗೆ ಹಂಚು ಹಾರಿದಾಗ ಹತ್ತಿದವ ಯಾರು? ನಿನಗೆ ಒಂದು ದಿನ ಆದ್ರೂ ಯಾವುದಾದ್ರೂ ಆಫೀಸಿನ ಮೆಟ್ಟಿಲು ಹತ್ಲಿಕ್ಕೆ ಬಿಟ್ಟಿದ್ದೇನಾ?’

‘ಬಿಡ್ಲಿಲ್ಲ ಅಣ್ಣ. ಅದು ನಿನ್ನ ಪ್ರೀತಿ. ನಾನು ಅದನ್ನು ಮರೆಯುವವಳಲ್ಲ.’ ಜಲಜಾಕ್ಷಿ ಸ್ವರ ತಗ್ಗಿಸಲಿಲ್ಲ. ‘ಆದ್ರೆ ನೀನು ನನ್ನ ಹತ್ರ ಒಂದು ಸಲವೂ ಕೇಳ್ಲಿಲ್ಲ. ಜಲಜ, ಇದು ಹೀಗೆ ಮಾಡ್ಲಾ, ನಿನ್ನ ಮನಸ್ಸಲ್ಲಿ ಎಂತ ಉಂಟು ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು. ನೀನು ಹೇಳಿದ ಹಾಗೇ ಆಗ್ಲಿ ಅಂತಲೇ ಹೇಳ್ತಿದ್ದೆ ನಾನು. ಈಗ ಈ ಹುಡುಗಿಯನ್ನು ಕಳಿಸು ಅಂತ ಹೇಳಿದ್ದೀಯಲ್ಲ, ಅದಕ್ಕೆ ಮಾತ್ರ ನಾನು ಹೂಂ ಹೇಳುವುದಿಲ್ಲ. ಅವಳು ನನ್ನ ಮನೆಯಲ್ಲಿ ಇರ್ತಾಳೆ. ನನ್ನ ಮನೆ. ನಾನು ಹೇಳ್ತಾ ಇದ್ದೇನೆ.’

ಹಣ ಕಟ್ಟುವ ಸಾಲಿನಲ್ಲಿ ನಿಂತವರು ಮುಂದೆ ಸರಿಯುವುದನ್ನೇ ಮರೆತಿದ್ದರು. ಇಜಾಝ್ ತನ್ನ ಕೋಣೆಯ ಬಾಗಿಲಿನಲ್ಲಿ ನಿಂತು, ಈ ಫೋನು ಮಾಡದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಮುಖ ಮಾಡಿದ್ದ. ಜಲಜಾಕ್ಷಿ ಏವ್ರಿಲ್ಲಳ ಕಡೆಗೆ ತಿರುಗಿ, ‘ಎಲ್ಲಿ ಸಹಿ?’ ಎಂದಳು. ಏವ್ರಿಲ್ ಬೆರಳಿಟ್ಟು ತೋರಿಸಿದಳು. ಜಲಜಾಕ್ಷಿ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಆತುರವಿಲ್ಲದೆ ತನ್ನ ಹೆಸರು ಬರೆದಳು. ಬರೆದು ಮುಗಿಸಿದಾಗ ಅವಳ ಹೆದರಿಕೆ ಪೂರ್ತಿ ಹೋಗಿತ್ತು. ಇಷ್ಟೇ ಇಷ್ಟು ಸುಲಭದ ಕೆಲಸವೇ ಎಂದು ಅವಳಿಗೆ ನಗು ಕೂಡ ಬಂತು.

‘ಇನ್ನೊಂದು ಸಾಕ್ಷಿ ಖಾಲಿ ಉಂಟು’ ಎಂದಳು ಏವ್ರಿಲ್. ‘ಸ್ಟಾಫಿನವರು ಹಾಕುವ ಹಾಗಿಲ್ಲ.’

ಆಗ ಸಾಲಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ತಲೆಗೆ ಶಾಲು ಹೊದ್ದ, ಕೈಯಲ್ಲಿ ಪಾಸ್‌ಬುಕ್ ಹಿಡಿದ ಗಟ್ಟಿ ಹೆಂಗಸು. ಇಷ್ಟು ಹೊತ್ತು ಎಲ್ಲವನ್ನೂ ಬಾಯಿ ತೆರೆದು ಕೇಳುತ್ತಿದ್ದವಳು.

‘ನಾನು ಹಾಕ್ತೇನೆ ಅಕ್ಕ. ನನ್ನ ಹೆಸರು ಮುನೀರಾ. ಕುದ್ರೋಳಿಯಲ್ಲಿ ಬಟ್ಟೆ ಅಂಗಡಿ ಉಂಟು. ನನ್ನ ಗಂಡ ಸೌದಿಯ ದಮ್ಮಾಮಿಗೆ ಹೋದಾಗ ಅಲ್ಲಿಯ ಬ್ಯಾಂಕಿನವರು ಅವರನ್ನು ಎಷ್ಟು ಸಲ ಓಡಾಡಿಸಿದ್ದಾರೆ ಗೊತ್ತುಂಟಾ? ಪರದೇಶದಲ್ಲಿ ಒಂದು ಸಹಿ ಹಾಕುವವರು ಸಿಕ್ಕಿದ್ರೆ ಅವರೇ ನಮ್ಮವರು. ತನ್ನಿ ಪೆನ್ನು.’

ಅವಳು ಕೈ ಚಾಚಿದಳು. ಅಷ್ಟೇ, ಮಹಾಬಲನಿಗೆ ಎಲ್ಲಿಲ್ಲದ ಜೀವ ಬಂತು.

‘ನಿಲ್ಲಿ, ನಿಲ್ಲಿ! ನಮ್ಮ ಅಮ್ಮನ ಮನೆಯ ಕಾಗದಕ್ಕೆ ಹೊರಗಿನವರು ಸಾಕ್ಷಿ ಹಾಕುವುದಾ? ನಾನು ಸತ್ತಿದ್ದೇನಾ?’

ಪೆನ್ನು ಕಸಿದುಕೊಂಡವನೇ ಕುರ್ಚಿ ಎಳೆದು ಕೂತ. ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. ಕೈ ತನ್ನಷ್ಟಕ್ಕೇ ಹಳೆಯ ಜಾಗಕ್ಕೆ ಹೋಯಿತು, ‘ಮನೆಯ ಮಾಲೀಕರು’ ಎಂದಿದ್ದಲ್ಲಿಗೆ. ಅಲ್ಲಿ ತಂಗಿಯ ಹೆಸರು ಇನ್ನೂ ಆರದ ಶಾಯಿಯಲ್ಲಿತ್ತು. ಪೆನ್ನಿನ ತುದಿ ಅಲ್ಲೇ ನಿಂತಿತು.

‘ಅಲ್ಲಿ ಅಲ್ಲ ಶೆಟ್ರೇ’ ಎಂದಳು ಏವ್ರಿಲ್. ‘ಕೆಳಗೆ.’

ಮಹಾಬಲ ತಂಗಿಯ ಹೆಸರನ್ನು ಒಂದು ಕ್ಷಣ ನೋಡಿದ. ಶಾಲೆಯಲ್ಲಿ ಅವಳ ಪುಸ್ತಕಗಳ ಮೇಲೆ ಇದೇ ಅಕ್ಷರ ಇರುತ್ತಿತ್ತು, ಆಮೇಲೆ ತಾನು ಎಲ್ಲಿಯೂ ಅದನ್ನು ಕಂಡಿರಲಿಲ್ಲ ಎಂದು ಅವನಿಗೆ ಹೊಳೆದಿರಬೇಕು. ಮುಖದ ಬಿಗಿ ಸಡಿಲವಾಯಿತು. ‘ನಿನ್ನ ಅಕ್ಷರ ಈಗಲೂ ಚಂದ ಉಂಟು ಮಾರಾಯ್ತಿ’ ಎಂದು ಗೊಣಗಿದ. ಪೆನ್ನು ಕೆಳಗೆ ಇಳಿಯಿತು. ಸಾಕ್ಷಿಯ ಜಾಗದಲ್ಲಿ, ಉದ್ದನೆಯ ಗೆರೆಯಿಲ್ಲದೆ, ಮಹಾಬಲ ಸಹಿ ಹಾಕಿದ.

ಮುನೀರಾ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಸಾಲಿನಲ್ಲಿದ್ದ ಇನ್ನಿಬ್ಬರೂ ತಟ್ಟಿದರು. ಬ್ಯಾಂಕಿನಲ್ಲಿ ಚಪ್ಪಾಳೆ ಕೇಳಿ ಹೊರಗಿನ ಸೆಕ್ಯುರಿಟಿಯವನು ಗಾಬರಿಯಾಗಿ ಒಳಗೆ ಇಣುಕಿದ.

ಫೋನು ಮಾಡಿದ ತಪ್ಪಿಗೆ ಇಜಾಝ್ ತಾನೇ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮುಗಿಸಿಕೊಟ್ಟ. ಎಫುವಾಳ ಫೋಟೋ ತೆಗೆದರು, ಮೂರು ಕಡೆ ಸಹಿ ಹಾಕಿಸಿದರು. ಊಟದ ಹೊತ್ತು ಮೀರಿತ್ತು. ಯಾರೂ ಎದ್ದು ಹೋಗಲಿಲ್ಲ, ಮಹಾಬಲನೂ ಹೋಗಲಿಲ್ಲ. ಮುನೀರಾ ತನ್ನ ಕೆಲಸ ಮುಗಿದ ಮೇಲೂ ‘ಒಮ್ಮೆ ನಂಬರು ಬರ್ಲಿ’ ಎಂದು ಕೂತೇ ಇದ್ದಳು.

ನಂಬರು ಬಂತು. ಏವ್ರಿಲ್ ಅದನ್ನು ಚೀಟಿಯಲ್ಲಿ ಬರೆದುಕೊಟ್ಟು, ‘ವೆಲ್‌ಕಮ್ ಎಫುವಾ. ಈಗ ನೀವೂ ಮಂಗಳೂರಿನವರು’ ಎಂದಳು. ಎಫುವಾ ಅದರ ಫೋಟೋ ತೆಗೆದು ಕಾಲೇಜಿನ ಆಫೀಸಿಗೆ ಕಳಿಸಿದಳು. ಉತ್ತರ ಬರುವವರೆಗೆ ಮೊಬೈಲನ್ನೇ ನೋಡುತ್ತಿದ್ದಳು. ‘ಸಿಕ್ಕಿತು, ಸ್ಕಾಲರ್‌ಶಿಪ್ಪು ಖಾಯಂ’ ಎಂದು ಬಂದದ್ದೇ ತಡ, ಎದ್ದು ನಿಂತು ತನ್ನ ಭಾಷೆಯಲ್ಲಿ ಏನೋ ಕೂಗಿದಳು. ಕೂಗಿ ಜಲಜಾಕ್ಷಿಯನ್ನು ತಬ್ಬಿಕೊಂಡು ಬ್ಯಾಂಕಿನ ನಡುವಿನಲ್ಲೇ ಒಂದು ಸುತ್ತು ತಿರುಗಿಸಿದಳು. ಸೀರೆಯ ನೆರಿಗೆ ಕೆಟ್ಟಿತು, ಬ್ಯಾಗು ಕ್ಯಾಷಿಯರನ ಗಾಜಿಗೆ ಬಡಿಯಿತು. ಜಲಜಾಕ್ಷಿ ಬೈಯಲಿಲ್ಲ. ಅವಳೂ ಅಳುತ್ತಿದ್ದಳು, ಅವಳೂ ನಗುತ್ತಿದ್ದಳು.

ಆಮೇಲೆ ಎಫುವಾ ಅಮ್ಮನಿಗೆ ಫೋನು ಮಾಡಿದಳು. ದೂರದ ಊರಿನಲ್ಲಿ ಹೊಗೆಯ ನಡುವೆ ಕೆಲಸ ಮಾಡುತ್ತಿದ್ದ ಆ ಹೆಂಗಸು ಕೂಗಿದ್ದು ಮೊಬೈಲಿನಿಂದ ಎಲ್ಲರಿಗೂ ಕೇಳಿಸಿತು. ‘ಅಮ್ಮ ನಿಮಗೆ ಥ್ಯಾಂಕ್ಸ್ ಹೇಳ್ತಾಳೆ ಆಂಟಿ. ಮನೆಯ ಯಜಮಾನಿಗೆ ನಮಸ್ಕಾರ ಅಂತ’ ಎಂದಳು ಎಫುವಾ. ಯಜಮಾನಿ ಎಂಬ ಮಾತು ಕೇಳಿ ಮಹಾಬಲ ಕಿಟಕಿಯ ಕಡೆ ನೋಡಿದ. ಆದರೆ ತಿದ್ದಲಿಲ್ಲ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮಹಾಬಲ ಕಾರಿನ ಬಾಗಿಲು ತೆರೆದು, ಹುಡುಗಿಯನ್ನು ಹಿಂದೆ ಕೂರಿಸಿ, ತಂಗಿಗಾಗಿ ಮುಂದಿನ ಬಾಗಿಲು ಹಿಡಿದು ನಿಂತ.

‘ಅಣ್ಣ, ಮನೆಯಲ್ಲಿ ಹುಳಿ-ಖಾರ ಹಾಕಿ ಬಂಗುಡೆ ಪುಳಿಮುಂಚಿ ಮಾಡಿಟ್ಟಿದ್ದೇನೆ’ ಎಂದಳು ಜಲಜಾಕ್ಷಿ. ‘ಊಟಕ್ಕೆ ಬಾ.’

ಮಹಾಬಲ ತಬ್ಬಿಬ್ಬಾದ. ಆ ಮನೆಗೆ ಅವನು ಹೇಳದೆ ಬರುತ್ತಿದ್ದ, ಹೇಳದೆ ಹೋಗುತ್ತಿದ್ದ. ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದ. ಅಲ್ಲಿಗೆ ಅವನನ್ನು ಯಾರಾದರೂ ಊಟಕ್ಕೆ ಕರೆದದ್ದು ಅವನಿಗೆ ನೆನಪಿರಲಿಲ್ಲ.

‘ಬರ್ಲಾ ಜಲಜ?’ ಎಂದು ಕೇಳಿದ.

‘ಬಾ’ ಎಂದಳು ತಂಗಿ.